ಸೊಪ್ಪಿನ ಸಾರ ತೆಗೆಯೋದು ಹೇಗೆ? ಓದುಗರ ಪ್ರಶ್ನೆ, ಕೆಮಿಸ್ಟ್ರಿ ಮೇಡಂ ಉತ್ತರ

ಕಾಲೇಜುಗಳಲ್ಲಿ ಈಗ ಪ್ರಾಜೆಕ್ಟ್ ಕಾಲ. ಅದಕ್ಕೇ ಇರಬೇಕು, ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ಗಿಡದೊಳಗಿನ ರಾಸಾಯನಿಕವನ್ನು ಪರೀಕ್ಷೆಗೆ ಹೊರಗೆ ತೆಗೆಯಲು ಯಾವ ದ್ರಾವಕ ಹಾಕಬೇಕು, ಯಾವ ವಿಧಾನ ಹಿಡಿಯಬೇಕು? ನನಗೆ ಬಹಳ ಇಷ್ಟದ ವಿಷಯ ಇದು. ತುಮಕೂರಿನ ಲ್ಯಾಬ್‌ಗಳಲ್ಲಿ ಪಾಠ ಮಾಡುವಾಗ ಮಕ್ಕಳು ಅತಿ ಹೆಚ್ಚು ತಡವರಿಸುತ್ತಿದ್ದದ್ದೂ ಇಲ್ಲೇ. ಮೊದಲ ಪ್ರಶ್ನೆಗೆ ಉತ್ತರ ಉದ್ದವಾಗಿದೆ. ಉಳಿದವರಿಗೂ ಅದು ಬೇಕಾಗುತ್ತದೆ, ದಯವಿಟ್ಟು ಓದಿ.

ಪ್ರಶ್ನೆ: ಮೇಡಂ, ನನ್ನ ಪ್ರಾಜೆಕ್ಟ್ ನುಗ್ಗೆ ಸೊಪ್ಪಿನ ಮೇಲೆ. ಒಂದೇ ಪುಡಿಯನ್ನು ಎರಡು ರೀತಿ ಮಾಡಿದೆ. ಸಾಕ್ಸ್‌ಲೆಟ್‌ನಲ್ಲಿ (ದ್ರಾವಕವನ್ನು ಕುದಿಸಿ ಪುಡಿಯ ಮೇಲೆ ಮತ್ತೆ ಮತ್ತೆ ಬೀಳಿಸುವ ಗಾಜಿನ ಉಪಕರಣ) ಮೆಥನಾಲ್ ಹಾಕಿ ಎಂಟು ಗಂಟೆ ಓಡಿಸಿದೆ. ಅದೇ ಮೆಥನಾಲ್‌ನಲ್ಲಿ ಎರಡು ದಿನ ನೆನೆಹಾಕಿಯೂ ನೋಡಿದೆ. ಸಾಕ್ಸ್‌ಲೆಟ್‌ನಲ್ಲಿ ಸಾರದ ತೂಕ ಜಾಸ್ತಿ ಬಂತು. ಆದರೆ ಆಂಟಿಆಕ್ಸಿಡೆಂಟ್ ಶಕ್ತಿ ಅಳೆಯುವ ಡಿಪಿಪಿಎಚ್ ಪರೀಕ್ಷೆಯಲ್ಲಿ ನೆನೆಹಾಕಿದ್ದೇ ಚೆನ್ನಾಗಿದೆ. ಯಾವುದು ಒಳ್ಳೆಯ ವಿಧಾನ ಅಂತ ಬರೆಯಲಿ?
(ಎಂ.ಎಸ್ಸಿ. ವಿದ್ಯಾರ್ಥಿನಿ, ತುಮಕೂರು)

ಉತ್ತರ: ನಿನ್ನ ಎರಡು ಫಲಿತಾಂಶಗಳೂ ಸರಿಯಾಗಿರಬಹುದು ಕಣಮ್ಮ. ಗಾಬರಿ ಬೇಡ. ನಿನಗೆ ನುಗ್ಗೆಯಿಂದ ಏನು ಬೇಕು ಅನ್ನುವುದನ್ನು ಮೊದಲು ಒಂದು ಸಾಲಿನಲ್ಲಿ ಬರೆದುಕೋ. ಪತ್ರದಲ್ಲಿ ಆ ಸಾಲು ಎಲ್ಲೂ ಕಾಣಲಿಲ್ಲ. ಅದಿಲ್ಲದೆ 'ಒಳ್ಳೆಯ ವಿಧಾನ' ಅನ್ನುವ ಮಾತಿಗೆ ಅರ್ಥವೇ ಇಲ್ಲ.

ತೂಕದ ವಿಷಯ ನೋಡೋಣ. ಮೆಥನಾಲ್ ಬರೀ ಫ್ಲೇವನಾಯ್ಡ್‌ಗಳನ್ನು, ಅಂದರೆ ಡಿಪಿಪಿಎಚ್‌ನಲ್ಲಿ ಕೆಲಸ ತೋರಿಸುವ ಗಿಡದ ವಸ್ತುಗಳನ್ನು, ಎಳೆಯುವುದಿಲ್ಲ. ಸಕ್ಕರೆ, ಒಂದಷ್ಟು ಲವಣ, ಹಸಿರು ಬಣ್ಣ ಎಲ್ಲವನ್ನೂ ಎಳೆದು ತರುತ್ತದೆ. ಬಿಸಿ ಇದ್ದರೆ ಇನ್ನೂ ಜಾಸ್ತಿ ತರುತ್ತದೆ. ಬಟ್ಟಲಲ್ಲಿ ಉಳಿದ ಅಂಟು ಅಂಟಾದ ಸಾರದ ತೂಕ ಇವೆಲ್ಲದರ ಒಟ್ಟು ಮೊತ್ತ. ಒಂದು ಲೆಕ್ಕ ಹಾಕೋಣ, ಅಂಕಿಗಳು ಸುಮ್ನೆ ಉದಾಹರಣೆಗೆ. 10 ಗ್ರಾಂ ಪುಡಿಯಿಂದ ಸಾಕ್ಸ್‌ಲೆಟ್‌ನಲ್ಲಿ 2 ಗ್ರಾಂ ಸಾರ ಬಂತು, ಗ್ರಾಂಗೆ 40 ಮಿಲಿಗ್ರಾಂ ಫ್ಲೇವನಾಯ್ಡ್ ಇದೆ ಅಂದುಕೋ. ನೆನೆಹಾಕಿದ್ದರಲ್ಲಿ 1.2 ಗ್ರಾಂ ಸಾರ, ಗ್ರಾಂಗೆ 60 ಮಿಲಿಗ್ರಾಂ. ಸಾರದ ಲೆಕ್ಕದಲ್ಲಿ ನೆನೆಹಾಕಿದ್ದು ಗೆದ್ದಿತು. ಎಲೆಯ ಲೆಕ್ಕದಲ್ಲಿ ಸಾಕ್ಸ್‌ಲೆಟ್ 80 ಮಿಲಿಗ್ರಾಂ ತೆಗೆಯಿತು, ನೆನೆಹಾಕಿದ್ದು 72. ಎಲೆಯಲ್ಲಿ ಎಷ್ಟಿದೆ ಅಂತ ತಿಳಿಯುವುದು ನಿನ್ನ ಉದ್ದೇಶವಾದರೆ ಎರಡನೇ ಲೆಕ್ಕ ಮುಖ್ಯ. ಜೋರಾದ ಸಾರ ಬೇಕಾದರೆ ಮೊದಲನೆಯದು. ನಿನ್ನ ಟೇಬಲ್‌ನಲ್ಲಿ ಎರಡೂ ಕಾಲಂ ಇರಲಿ. ಗ್ರಾಂ ಸಾರಕ್ಕೆ ಎಷ್ಟು, ಗ್ರಾಂ ಒಣ ಎಲೆಗೆ ಎಷ್ಟು ಅಂತ.

ಇನ್ನು ಬಿಸಿಯ ವಿಷಯ. ಸಾಕ್ಸ್‌ಲೆಟ್ ಉಪಕರಣವನ್ನು 1879ರಲ್ಲಿ ಫ್ರಾನ್ಜ್ ಫಾನ್ ಸಾಕ್ಸ್‌ಲೆಟ್ ಮಾಡಿದ್ದು ಹಾಲಿನ ಕೊಬ್ಬನ್ನು ಅಳೆಯಲಿಕ್ಕೆ. ಕೊಬ್ಬು ಅಷ್ಟು ಹೊತ್ತಿನ ಬಿಸಿಯನ್ನು ತಡೆದುಕೊಳ್ಳುತ್ತದೆ. ಆ ಕೆಲಸಕ್ಕೆ ಅದು ಇವತ್ತಿಗೂ ಬಹಳ ಒಳ್ಳೆಯ ಉಪಕರಣ. ಪುಡಿಯ ಮೇಲೆ ಪ್ರತಿ ಸುತ್ತಿನಲ್ಲೂ ಹೊಸ ದ್ರಾವಕ ಬೀಳುತ್ತದೆ, ಪಕ್ಕದ ಬಾಗಿದ ಕೊಳವೆ, ಅಂದರೆ ಸೈಫನ್, ತುಂಬಿದ ಕೂಡಲೇ ಕೆಳಗಿನ ಫ್ಲಾಸ್ಕ್‌ಗೆ ಇಳಿಯುತ್ತದೆ. ಸೋಸುವ ತಾಪತ್ರಯವಿಲ್ಲ. ಆದರೆ ಮೊದಲ ಸುತ್ತಿನಲ್ಲೇ ಕೆಳಗೆ ಇಳಿದ ಸಾರದ ಗತಿ ಯೋಚಿಸು. ಅದು ಫ್ಲಾಸ್ಕ್‌ನಲ್ಲಿ ಕೊನೆಯವರೆಗೂ ಕುದಿಯುತ್ತಲೇ ಇರುತ್ತದೆ. ಮೆಥನಾಲ್ ಕುದಿಯುವುದು 65 ಡಿಗ್ರಿ ಹತ್ತಿರ. ನುಗ್ಗೆ ಎಲೆಯ ಕ್ವೆರ್ಸೆಟಿನ್ ಅನ್ನುವ ಫ್ಲೇವನಾಯ್ಡ್ ಹೆಚ್ಚಾಗಿ ಸಕ್ಕರೆಗೆ ಅಂಟಿಕೊಂಡಿರುತ್ತದೆ. ಅದರಲ್ಲಿ ಒಂದು ಪಾಲಿಗೆ ಮೆಲೋನೈಲ್ ಅನ್ನುವ ಗುಂಪೂ ಸೇರಿರುತ್ತದೆ. ಇದು ಬಿಸಿಗೆ ಕಳಚಿಕೊಳ್ಳುವ ಜಾತಿ. ಸಾರದ ವಸ್ತುಗಳನ್ನು ಬಿಡಿಬಿಡಿಯಾಗಿ ಅಳೆಯುವ ಎಚ್‌ಪಿಎಲ್‌ಸಿ ಮಾಡಿಸಿದರೆ ಎರಡು ಸಾರಗಳಲ್ಲಿ ಪೀಕ್‌ಗಳ ಎತ್ತರ ಬೇರೆ ಬೇರೆ ಬಂದೀತು. ನೋಡುವವರು ಒಂದನ್ನು ತಪ್ಪು ಅಂದುಬಿಡುತ್ತಾರೆ.

ಇದನ್ನು ಊಹೆಗೆ ಬಿಡಬೇಡ, ಪರೀಕ್ಷಿಸು. ನೆನೆಹಾಕಿ ಸೋಸಿದ ಸಾರದಲ್ಲಿ ಅರ್ಧ ತೆಗೆದುಕೊಂಡು, ಎಲೆ ಇಲ್ಲದೆ, ಬರೀ ಸಾರವನ್ನೇ ಎಂಟು ಗಂಟೆ ರಿಫ್ಲಕ್ಸ್ ಮಾಡು, ಅಂದರೆ ಆವಿ ತಣಿದು ಮತ್ತೆ ಫ್ಲಾಸ್ಕ್‌ಗೇ ಬೀಳುವಂತೆ ಕುದಿಸು. ಆಮೇಲೆ ಡಿಪಿಪಿಎಚ್ ನೋಡು. ಕಡಿಮೆಯಾದರೆ ಬಿಸಿಯಿಂದ ಹಾಳಾಗುತ್ತಿದೆ ಎಂದು ಧೈರ್ಯವಾಗಿ ಬರೆಯಬಹುದು. ಹಾಗೇ ಇದ್ದರೆ, ಸಾಕ್ಸ್‌ಲೆಟ್ ಸಾರದಲ್ಲಿ ಸಕ್ಕರೆ-ಲವಣ ಜಾಸ್ತಿ ಬೆರೆತು ತೆಳುವಾಗಿದೆ ಅಂತ ಅರ್ಥ. ಇಡೀ ಪ್ರಾಜೆಕ್ಟ್‌ನಲ್ಲಿ ನನಗೆ ತುಂಬಾ ಕುತೂಹಲ ಇರುವುದು ಈ ಒಂದು ಪರೀಕ್ಷೆಯ ಮೇಲೆಯೇ.

ನೆನೆಹಾಕಿದ್ದರ ಕಡೆಯೂ ಒಂದು ಕೊರತೆ ಇದೆ. ನೀನು ಒಂದೇ ಸಲ ನೆನೆಹಾಕಿ ಸೋಸಿದ್ದೀಯ. ಫಿಲ್ಟರ್ ಕಾಫಿಯಲ್ಲಿ ಮೊದಲ ಡಿಕಾಕ್ಷನ್ ತೆಗೆದ ಮೇಲೂ ಪುಡಿಯಲ್ಲಿ ಸಾರ ಉಳಿದಿರುತ್ತದಲ್ವಾ, ಹಾಗೇ ಇದು. ದ್ರಾವಕದಲ್ಲಿ ಒಂದಷ್ಟು ಪುಡಿಯೊಳಗೇ ನಿಂತುಬಿಡುತ್ತದೆ, ಕರಗಿದ್ದೂ ಅದರ ಜೊತೆ ನಿಲ್ಲುತ್ತದೆ. ಇರುವ 300 ಮಿಲಿಯನ್ನು ಒಟ್ಟಿಗೆ ಸುರಿಯುವುದಕ್ಕಿಂತ 100ರಂತೆ ಮೂರು ಸಲ ಹಾಕು. ಬೇರ್ಪಡಿಸುವ ಫನಲ್‌ನಲ್ಲಿ ಈ ಲೆಕ್ಕ ಚೆನ್ನಾಗಿ ಕಾಣುತ್ತದೆ. 100 ಮಿಲಿ ನೀರಿನ ಸಾರ ಇದೆ, ಬೇಕಾದ ವಸ್ತು ನೀರಿಗೂ, ನೀರಿನ ಮೇಲೆ ಬೇರೆಯಾಗಿ ನಿಲ್ಲುವ ಈಥೈಲ್ ಅಸಿಟೇಟ್ ಅನ್ನುವ ದ್ರಾವಕಕ್ಕೂ ಸಮನಾಗಿ ಹಂಚಿಕೊಳ್ಳುತ್ತದೆ ಅನ್ನೋಣ. 300 ಮಿಲಿ ಒಟ್ಟಿಗೆ ಹಾಕಿದರೆ ನೀರಿನಲ್ಲಿ ಕಾಲು ಭಾಗ ಉಳಿಯುತ್ತದೆ. ಮೂರು ಸಲ 100 ಹಾಕಿದರೆ ಎಂಟನೇ ಒಂದು ಭಾಗ ಮಾತ್ರ ಉಳಿಯುತ್ತದೆ. ದ್ರಾವಕ ಅಷ್ಟೇ, ಉಳಿಯುವುದು ಅರ್ಧಕ್ಕೆ ಇಳಿಯಿತು. ಎರಡೂ ವಿಧಾನದಲ್ಲಿ ಕೊನೆಗೆ ಉಳಿದ ಗಷ್ಟನ್ನು ಎಸೆಯದೆ ಇನ್ನೊಮ್ಮೆ ತೊಳೆದು ಪರೀಕ್ಷಿಸು. ಅದರಲ್ಲಿ ಏನೂ ಬರದಿದ್ದಾಗ ಮಾತ್ರ ಎರಡನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದು ನ್ಯಾಯ.

ನೀನು ಕೇಳದಿದ್ದರೂ ಒಂದೆರಡು ಮಾತು. ಶುದ್ಧ ಮೆಥನಾಲ್‌ಗಿಂತ ಸ್ವಲ್ಪ ನೀರು ಬೆರೆತದ್ದು, ಅಂದರೆ 70 ರಿಂದ 80 ಪರ್ಸೆಂಟ್‌ನದ್ದು, ಸಕ್ಕರೆ ಅಂಟಿದ ಫ್ಲೇವನಾಯ್ಡ್‌ಗಳಿಗೆ ಸಾಮಾನ್ಯವಾಗಿ ಹೆಚ್ಚು ಚೆನ್ನಾಗಿ ಹೊಂದುತ್ತದೆ. ಆದರೆ ಇಂಥ ಮಿಶ್ರಣವನ್ನು ಸಾಕ್ಸ್‌ಲೆಟ್‌ಗೆ ಹಾಕಬೇಡ. ಮೇಲೇರುವ ಆವಿಯಲ್ಲಿ ಮೆಥನಾಲ್ ಜಾಸ್ತಿ, ನೀರು ಕಡಿಮೆ. ನೀನು ಫ್ಲಾಸ್ಕ್‌ಗೆ ಹಾಕಿದ್ದು ಒಂದು ಪ್ರಮಾಣ, ಪುಡಿಯ ಮೇಲೆ ಬೀಳುವುದು ಇನ್ನೊಂದು. ಎಷ್ಟೋ ವರದಿಗಳಲ್ಲಿ '70 ಪರ್ಸೆಂಟ್ ಆಲ್ಕೋಹಾಲ್, ಸಾಕ್ಸ್‌ಲೆಟ್' ಅಂತ ಬರೆದಿರುವುದನ್ನು ನೋಡಿ ನನಗೆ ಬೇಜಾರಾಗುತ್ತದೆ. ಪುಡಿಗೆ ಆ 70 ಸಿಕ್ಕಿಯೇ ಇರುವುದಿಲ್ಲ.

ಬಿಸಿ ಯಾವಾಗಲೂ ಶತ್ರು ಅಂತಲೂ ತಿಳಿಯಬೇಡ. ಇದೇ ನುಗ್ಗೆಯಲ್ಲಿ ಗ್ಲುಕೋಸಿನೊಲೇಟ್ ಅನ್ನುವ ಗುಂಪು ಇದೆ. ಸಾಸಿವೆಯಲ್ಲೂ ಅದರ ಬಳಗದವು ಇವೆ. ಹಸಿ ಎಲೆಯನ್ನು ನೀರಲ್ಲಿ ಅರೆದರೆ ಅದರದ್ದೇ ಕಿಣ್ವ ಎದ್ದು ಇವನ್ನು ಒಡೆದುಬಿಡುತ್ತದೆ. ಆ ಘಾಟು ಬರುವುದು ಹಾಗೆ. ಇವನ್ನು ಅಳೆಯಬೇಕಾದರೆ ಬಿಸಿ ಬಿಸಿ 70 ಪರ್ಸೆಂಟ್ ಮೆಥನಾಲನ್ನು ನೇರ ಪುಡಿಯ ಮೇಲೆ ಸುರಿಯಬೇಕು, ಕಿಣ್ವ ಏಳುವ ಮೊದಲೇ ಸಾಯಬೇಕು. ಒಂದೇ ಎಲೆ, ಒಂದು ಗುಂಪಿಗೆ ತಣ್ಣಗೆ, ಇನ್ನೊಂದಕ್ಕೆ ಬಿಸಿ. ಮೊದಲ ಸಾಲು ಬರೆದುಕೋ ಅಂದದ್ದು ಇದಕ್ಕೇ.

ನೀರಿನ ವಿಷಯವನ್ನೂ ಹೇಳಿಬಿಡುತ್ತೇನೆ. ಕಂಡೆನ್ಸರ್‌ಗೆ ಎಂಟು ಗಂಟೆ ನಲ್ಲಿ ಬಿಟ್ಟುಕೊಂಡು ಕೂರುವ ಸ್ಥಿತಿ ನಮ್ಮ ತುಮಕೂರಿನ ಬೇಸಿಗೆಯಲ್ಲಿ ಇಲ್ಲ. ನಾವು ಏರ್ ಕೂಲರ್‌ನ ಸಣ್ಣ ಪಂಪನ್ನು ಬಕೆಟ್‌ನಲ್ಲಿ ಮುಳುಗಿಸಿ, ಐಸ್ ಹಾಕಿ, ಅದೇ ನೀರನ್ನು ತಿರುಗಿಸುತ್ತಿದ್ದೆವು. ಚೆನ್ನಾಗಿ ನಡೆಯುತ್ತದೆ. ಕರೆಂಟ್ ಹೋದರೆ ಪಂಪ್ ನಿಲ್ಲುತ್ತದೆ, ಹೀಟಿಂಗ್ ಮ್ಯಾಂಟಲ್‌ನ ಬಿಸಿ ಮಾತ್ರ ತಕ್ಷಣ ಆರುವುದಿಲ್ಲ. ಹಾಗಾಗಿ ಓಡುತ್ತಿರುವಾಗ ಅದನ್ನು ಬಿಟ್ಟು ಊಟಕ್ಕೆ ಹೋಗಬೇಡ. ಮೆಥನಾಲ್ ಆವಿಗೆ ಬೆಂಕಿ ಹತ್ತುತ್ತದೆ, ದೇಹಕ್ಕೆ ಸೇರಿದರೆ ಕಣ್ಣು ಕಳೆಯುತ್ತದೆ.

ಪ್ರಶ್ನೆ: ಅಮ್ಮಾ, ನಾವು ಟೊಮೆಟೊಗೆ ಬೇವಿನ ಬೀಜದ ಕಷಾಯ ಹೊಡೆಯುತ್ತೇವೆ. ರಾತ್ರಿಯೆಲ್ಲ ನೆನೆಹಾಕುವ ಬದಲು ಕುದಿಸಿದರೆ ಬೇಗ ಆಗುತ್ತದೆ, ಸಾರವೂ ಜಾಸ್ತಿ ಇಳಿಯುತ್ತದೆ ಅಂತಾರೆ. ನಿಜವಾ? ನಮ್ಮ ಹೊಲದ ಪಕ್ಕದಲ್ಲೇ ಹಿಪ್ಪುನೇರಳೆ ತೋಟ ಇದೆ.
(ರೈತರು, ಚಿಂತಾಮಣಿ ತಾಲ್ಲೂಕು)

ಉತ್ತರ: ಕುದಿಸಬೇಡಿ ಯಜಮಾನರೇ. ಬಣ್ಣ ಗಾಢವಾಗಿ ಬರುತ್ತದೆ, ನೋಡಿದರೆ ಸಾರ ಜಾಸ್ತಿ ಇಳಿದಂತೆ ಕಾಣುತ್ತದೆ. ಆದರೆ ಹುಳುವಿನ ಮೇಲೆ ಕೆಲಸ ಮಾಡುವ ಅಜಾಡಿರಾಕ್ಟಿನ್ ಬಿಸಿಗೆ ಒಡೆಯುತ್ತದೆ. ಬಿಸಿಲಿಗೂ ಒಡೆಯುತ್ತದೆ. ಲ್ಯಾಬ್‌ನಲ್ಲಿ ಇದನ್ನು ತೆಗೆಯುವಾಗ ಮೊದಲು ಹೆಕ್ಸೇನ್ ಅನ್ನುವ ದ್ರಾವಕ ಹಾಕಿ ಎಣ್ಣೆಯನ್ನು ತೊಳೆದು, ಆಮೇಲೆ ಮೆಥನಾಲ್‌ನಲ್ಲಿ ತಣ್ಣಗೆ ತೆಗೆಯುತ್ತಾರೆ. ನಿಮಗೆ ಅದೆಲ್ಲ ಬೇಡ. ಅಜಾಡಿರಾಕ್ಟಿನ್ ನೀರಿನಲ್ಲೂ ಒಂದು ಮಟ್ಟಿಗೆ ಕರಗುತ್ತದೆ, ಹೊಲದ ಕೆಲಸಕ್ಕೆ ಅಷ್ಟು ಸಾಕು. 5 ಕೆಜಿ ಬೀಜದ ತಿರುಳನ್ನು ಪುಡಿ ಮಾಡಿ, ಬಟ್ಟೆಯಲ್ಲಿ ಕಟ್ಟಿ, ಒಂದು ಬಕೆಟ್ ನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಚೆನ್ನಾಗಿ ಹಿಂಡಿ. ಹಿಂಡಿದ್ದನ್ನು ಮತ್ತೆ ನೀರಿಗೆ ಅದ್ದಿ ಇನ್ನೊಂದೆರಡು ಸಲ ಹಿಂಡಿ. ಮೇಲೆ ಆ ಹುಡುಗಿಗೆ ಹೇಳಿದ ಲೆಕ್ಕವೇ ಇದು. ಒಟ್ಟು 100 ಲೀಟರ್ ಮಾಡಿ ಸೋಸಿಕೊಳ್ಳಿ. ಎಲೆಗೆ ಅಂಟಲು ಸ್ವಲ್ಪ ಸೋಪು ಸೇರಿಸಿ ಅದೇ ದಿನ ಸಂಜೆ ಹೊತ್ತಿಗೆ ಹೊಡೆಯಿರಿ. ಸೋಪಿನ ಕ್ಷಾರದಲ್ಲೂ ಅದು ಹಾಳಾಗುತ್ತದೆ, ಹಾಗಾಗಿ ಕಲಸಿಟ್ಟು ನಾಳೆಗೆ ಉಳಿಸಬೇಡಿ. ಬೂಷ್ಟು ಹಿಡಿದ ಹಳೆ ಬೀಜವೂ ಬೇಡ.

ಹಿಪ್ಪುನೇರಳೆಯ ವಿಷಯ ಬರೆದು ಒಳ್ಳೆಯದು ಮಾಡಿದಿರಿ. ರೇಷ್ಮೆ ಹುಳುವೂ ಹುಳುವೇ. ಅಜಾಡಿರಾಕ್ಟಿನ್ ಹುಳುವಿನ ಪೊರೆ ಬಿಡುವ ಕ್ರಮವನ್ನೇ ಕೆಡಿಸುತ್ತದೆ. ಗಾಳಿ ಆ ತೋಟದ ಕಡೆ ಬೀಸುವಾಗ ಹೊಡೆಯಲೇಬೇಡಿ. ಹೊಡೆಯುವ ಮೊದಲು ತೋಟದವರಿಗೆ ಹೇಳಿ, ಅವರು ಆ ಬದಿಯ ಸೊಪ್ಪನ್ನು ಹುಳುವಿಗೆ ಹಾಕದಿರಲಿ. ಎಷ್ಟು ದಿನ ಬಿಡಬೇಕು ಅನ್ನುವುದನ್ನು ರೇಷ್ಮೆ ಇಲಾಖೆಯವರ ಹತ್ತಿರ ಕೇಳಿ.

ಕುದಿಸಿದರೆ ಕೆಡುತ್ತದೆ ಅನ್ನುವುದಕ್ಕೆ ದೊಡ್ಡ ಕಥೆಯೊಂದಿದೆ. ಚೀನಾದ ತು ಯೂಯೂ ಎಂಬ ವಿಜ್ಞಾನಿ ಮಲೇರಿಯಾಗೆ ಔಷಧಿ ಹುಡುಕುತ್ತಿದ್ದರು. ಚಿಂಗ್‌ಹಾವೊ ಅನ್ನುವ ಗಿಡದ ಸಾರ ಒಮ್ಮೆ ಕೆಲಸ ಮಾಡುತ್ತಿತ್ತು, ಒಮ್ಮೆ ಇಲ್ಲ. ನಾಲ್ಕನೇ ಶತಮಾನದ ವೈದ್ಯ ಗೆ ಹಾಂಗ್ ಬರೆದ ಒಂದು ಸಾಲು ಅವರ ಕಣ್ಣಿಗೆ ಬಿತ್ತು. ಒಂದು ಹಿಡಿ ಸೊಪ್ಪನ್ನು ನೀರಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಅಂತ ಅದರಲ್ಲಿತ್ತು. ಕುದಿಸುವ ಮಾತೇ ಇರಲಿಲ್ಲ. ಆಗ ಅವರು 35 ಡಿಗ್ರಿ ಹತ್ತಿರವೇ ಕುದಿಯುವ ಈಥರ್ ಹಿಡಿದರು. 1971ರ ಅಕ್ಟೋಬರ್‌ನಲ್ಲಿ ಆ ಸಾರ ಇಲಿಗಳಲ್ಲಿನ ಮಲೇರಿಯಾವನ್ನು ಪೂರ್ತಿ ತಡೆಯಿತು. ಅದರಿಂದ ಬಂದದ್ದೇ ಆರ್ಟಿಮಿಸಿನಿನ್. 2015ರಲ್ಲಿ ಅವರಿಗೆ ನೊಬೆಲ್ ಬಂತು. ಗಿಡ ಮೊದಲಿನದೇ, ಬದಲಾದದ್ದು ದ್ರಾವಕ ಮತ್ತು ಶಾಖ.

ಪ್ರಶ್ನೆ: ಮೇಡಂ, ಬೆಟ್ಟದಿಂದ ತಂದ ಒಂದು ಗಿಡದ ಮೆಥನಾಲ್ ಸಾರವನ್ನು ಜಿಸಿ-ಎಂಎಸ್‌ಗೆ (ಆವಿ ಮಾಡಿ ವಸ್ತುಗಳನ್ನು ಬೇರ್ಪಡಿಸಿ ಗುರುತಿಸುವ ಯಂತ್ರ) ಕಳಿಸಿದ್ದೆವು. ಡೈಆಕ್ಟೈಲ್ ಥ್ಯಾಲೇಟ್ ಅನ್ನುವ ವಸ್ತು ದೊಡ್ಡ ಪೀಕ್ ಆಗಿ ಬಂದಿದೆ. ಈ ಗಿಡದಲ್ಲಿ ಯಾರೂ ಅದನ್ನು ಹೇಳಿಲ್ಲ. ಹೊಸ ಶೋಧನೆ ಅಂತ ಬರೆಯಬಹುದಾ?
(ಬಿ.ಫಾರ್ಮ್ ವಿದ್ಯಾರ್ಥಿ, ಕೋಲಾರ)

ಉತ್ತರ: ಈಗಲೇ ಬರೆಯಬೇಡ. ಥ್ಯಾಲೇಟ್‌ಗಳು ಪ್ಲಾಸ್ಟಿಕ್ಕನ್ನು ಮೆದು ಮಾಡಲು ಬೆರೆಸುವ ವಸ್ತುಗಳು. ದ್ರಾವಕದ ಕ್ಯಾನ್, ರಬ್ಬರ್-ಪ್ಲಾಸ್ಟಿಕ್ ಟ್ಯೂಬು, ಸಾರ ತುಂಬಿಟ್ಟ ಡಬ್ಬಿಯ ಮುಚ್ಚಳ, ಎಲ್ಲಿಂದ ಬೇಕಾದರೂ ಬರಬಹುದು. ಗಿಡದ ಪುಡಿ ಹಾಕದೆ, ಅದೇ ಮೆಥನಾಲನ್ನು ಅಷ್ಟೇ ಪ್ರಮಾಣದಲ್ಲಿ ಅದೇ ಗಾಜಿನ ಸಾಮಾನುಗಳಲ್ಲಿ ಮೊದಲಿಂದ ಕೊನೆಯವರೆಗೆ ಓಡಿಸಿ ಕಳಿಸು. ಇದಕ್ಕೆ ಬ್ಲ್ಯಾಂಕ್ ಅನ್ನುತ್ತೇವೆ. ಅಲ್ಲೂ ಆ ಪೀಕ್ ಬಂದರೆ ಗಿಡಕ್ಕೂ ಅದಕ್ಕೂ ಸಂಬಂಧವಿಲ್ಲ. ಬ್ಲ್ಯಾಂಕ್ ಇಲ್ಲದ ಜಿಸಿ-ಎಂಎಸ್ ಪಟ್ಟಿಯನ್ನು ನಾನು ನಂಬುವುದೇ ಇಲ್ಲ.

ನಿನ್ನ ಪಟ್ಟಿಯಲ್ಲಿ ಕೊಬ್ಬಿನ ಆಮ್ಲಗಳ ಮೀಥೈಲ್ ಎಸ್ಟರ್‌ಗಳು ಇದ್ದರೆ ಅವನ್ನೂ ಅನುಮಾನದಿಂದ ನೋಡು. ಬಿಸಿ ಮೆಥನಾಲ್ ಜೊತೆ ಆಮ್ಲಗಳು ಕೂಡಿ ಅವು ಲ್ಯಾಬ್‌ನಲ್ಲೇ ಹುಟ್ಟಿರಬಹುದು. ಎಥನಾಲ್‌ನಲ್ಲಿ ಇನ್ನೊಂದು ಸಾರ ತೆಗೆದಾಗ ಮೀಥೈಲ್ ಹೋಗಿ ಈಥೈಲ್ ಬಂದರೆ ಸಂಶಯಕ್ಕೆ ಜಾಗವೇ ಇಲ್ಲ. ಇನ್ನೊಂದು ವಿಷಯ. ಆವಿಯಾಗುವ ವಸ್ತುಗಳು ಮಾತ್ರ ಜಿಸಿಯಲ್ಲಿ ಕಾಣುತ್ತವೆ. ಸಕ್ಕರೆ ಅಂಟಿದ ಫ್ಲೇವನಾಯ್ಡ್, ಸಪೋನಿನ್, ಟ್ಯಾನಿನ್ ಹಾಗೇ ಹಾಕಿದರೆ ಅದರಲ್ಲಿ ಕಾಣುವುದಿಲ್ಲ. ಮೆಥನಾಲ್ ಸಾರದಲ್ಲಿ ಬಹುಪಾಲು ಇರುವುದೇ ಇಂಥವು. ಹೆಕ್ಸೇನ್ ಸಾರವನ್ನು ಜಿಸಿಗೆ, ಮೆಥನಾಲ್ ಸಾರವನ್ನು ಎಚ್‌ಪಿಎಲ್‌ಸಿಗೆ ಕಳಿಸಿದರೆ ಕೊಟ್ಟ ದುಡ್ಡಿಗೆ ಬೆಲೆ ಬರುತ್ತದೆ.

ಪ್ರಶ್ನೆ: ನಮ್ಮ ಕಡೆಯ ರಾಗಿಯಲ್ಲಿ ಫೀನಾಲ್‌ಗಳು ಸಮೃದ್ಧ ಅಂತ ಓದಿದ್ದೇನೆ. ಮೆಥನಾಲ್ ಸಾರದಲ್ಲಿ ಅಷ್ಟೊಂದು ಬರುತ್ತಿಲ್ಲ. ಏಕೆ?
(ವಿದ್ಯಾರ್ಥಿನಿ, ಮುಳಬಾಗಿಲು)

ಉತ್ತರ: ಇವೆ, ಆದರೆ ಬಿಡುತ್ತಿಲ್ಲ. ದ್ರಾವಕದಲ್ಲಿ ಕರಗುವುದು ಬೇರೆ, ಗಿಡದ ಹಿಡಿತದಿಂದ ಬಿಡಿಸಿಕೊಂಡು ಬರುವುದು ಬೇರೆ. ರಷ್ಯಾದ ಮಿಖಾಯಿಲ್ ಟ್ಸ್ವೆಟ್ 1906ರಲ್ಲೇ ಇದನ್ನು ಬರೆದಿದ್ದರು. ಎಲೆಯಿಂದ ಹೊರಗೆ ಬಂದ ಹರಿತ್ತು, ಅಂದರೆ ಕ್ಲೋರೋಫಿಲ್, ಪೆಟ್ರೋಲಿಯಂ ಈಥರ್‌ನಲ್ಲಿ ಕರಗುತ್ತದೆ. ಅದೇ ಈಥರ್ ಎಲೆಯಿಂದ ಹರಿತ್ತನ್ನು ಎಳೆಯಲಾರದು. ಸ್ವಲ್ಪ ಆಲ್ಕೋಹಾಲ್ ಬೆರೆಸಿದರೆ ಎಳೆಯುತ್ತದೆ. ರಾಗಿಯಲ್ಲಿ ಹಿಡಿತ ಇನ್ನೂ ಬಿಗಿ. ಫೆರುಲಿಕ್ ಆಮ್ಲದಂಥವು ಸಿಪ್ಪೆಯ ನಾರಿಗೆ ರಾಸಾಯನಿಕವಾಗಿಯೇ ಕಟ್ಟಿಕೊಂಡಿವೆ. ಬರೀ ಮೆಥನಾಲ್ ಬದಲು 1 ಪರ್ಸೆಂಟ್ ಹೈಡ್ರೋಕ್ಲೋರಿಕ್ ಆಮ್ಲ ಸೇರಿಸಿದ ಮೆಥನಾಲ್ ಹಾಕಿ ನೋಡು, ಏರುತ್ತದೆ. ಆಮೇಲೆ ಉಳಿದ ಗಷ್ಟನ್ನು 2 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ಕೆಲವು ಗಂಟೆ ಇಟ್ಟು, ಆಮ್ಲ ಹಾಕಿ ಪಿಎಚ್ 2ಕ್ಕೆ ಇಳಿಸಿ, ಈಥೈಲ್ ಅಸಿಟೇಟ್‌ನಲ್ಲಿ ತೆಗೆ. ಬಿಡಿ ಫೀನಾಲ್, ಕಟ್ಟಿಕೊಂಡ ಫೀನಾಲ್ ಎಂದು ಬೇರೆ ಬೇರೆ ಬರೆ. ಹಿಟ್ಟನ್ನು ಜರಡಿ ಹಿಡಿದು ಹೊಟ್ಟು ಎಸೆದಿದ್ದರೆ ಮೊದಲು ಅದನ್ನು ನಿಲ್ಲಿಸು, ಫೀನಾಲ್ ಹೆಚ್ಚು ಇರುವುದು ಆ ಕಂದು ಸಿಪ್ಪೆಯಲ್ಲೇ.

ಪ್ರಶ್ನೆ: ನಮ್ಮ ವಿಭಾಗಕ್ಕೆ ಸ್ವಲ್ಪ ಅನುದಾನ ಬಂದಿದೆ. ಅಲ್ಟ್ರಾಸಾನಿಕ್, ಮೈಕ್ರೋವೇವ್, ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡ್, ಯಾವುದು ಕೊಳ್ಳೋಣ?
(ಉಪನ್ಯಾಸಕರು, ಚಿಕ್ಕಬಳ್ಳಾಪುರ)

ಉತ್ತರ: ಅಲ್ಟ್ರಾಸಾನಿಕ್ ಬಾತ್ ಕೊಳ್ಳಿ. ಉಳಿದ ದುಡ್ಡಿನಲ್ಲಿ ಒಳ್ಳೆಯ ರೋಟರಿ ಇವ್ಯಾಪೊರೇಟರ್. ತಣ್ಣಗೆ ತೆಗೆದ ಸಾರವನ್ನು ನೀರಿನ ಬಾತ್ ಮೇಲೆ ಬಟ್ಟಲಲ್ಲಿ ಗಂಟೆಗಟ್ಟಲೆ ಆರಿಸಿದರೆ ತಣ್ಣಗೆ ತೆಗೆದದ್ದರ ಲಾಭವೆಲ್ಲ ಹೋಯಿತು. ಒತ್ತಡ ಇಳಿಸಿ 40 ಡಿಗ್ರಿಯಲ್ಲಿ ಆವಿ ಮಾಡುವ ಅನುಕೂಲ ಮೊದಲು ಬೇಕು. ಅಲ್ಟ್ರಾಸಾನಿಕ್ ನಡೆಯುವಾಗ ನೀರು ತಾನಾಗಿ ಬಿಸಿಯೇರುತ್ತದೆ. ಥರ್ಮಾಮೀಟರ್ ಇಟ್ಟು ಆಗಾಗ ಐಸ್ ಹಾಕಿ. ಫ್ಲಾಸ್ಕನ್ನು ಪ್ರತಿ ಸಲ ಒಂದೇ ಜಾಗದಲ್ಲಿ ಇಡಿ, ಬಾತ್‌ನ ಎಲ್ಲ ಕಡೆ ಶಬ್ದದ ಅಲೆಯ ಬಲ ಒಂದೇ ಇರುವುದಿಲ್ಲ. ಮೈಕ್ರೋವೇವ್ ಬೇಗ ಕೆಲಸ ಮಾಡುತ್ತದೆ, ಆದರೆ ಹೆಕ್ಸೇನ್ ಅದರಲ್ಲಿ ಬಿಸಿಯೇ ಆಗುವುದಿಲ್ಲ. ಅಡುಗೆಮನೆಯ ಮೈಕ್ರೋವೇವ್‌ನಲ್ಲಿ ದ್ರಾವಕ ಇಡುವುದು ಮಾತ್ರ ಬೆಂಕಿಗೆ ಆಹ್ವಾನ, ಹುಡುಗರಿಗೆ ಖಂಡಿತ ಬಿಡಬೇಡಿ. ಕಾರ್ಬನ್ ಡೈಆಕ್ಸೈಡನ್ನೇ ಒತ್ತಿ ದ್ರಾವಕವಾಗಿ ಬಳಸುವ ಸೂಪರ್‌ಕ್ರಿಟಿಕಲ್ ವಿಧಾನಕ್ಕೆ 31 ಡಿಗ್ರಿ ಶಾಖ ಸಾಕು, ಆದರೆ ಒತ್ತಡ ಗಾಳಿಯ 70 ಪಟ್ಟಿಗಿಂತ ಮೇಲೆ ಬೇಕು. ಎಣ್ಣೆ, ಸುವಾಸನೆ ತೆಗೆಯಲು ಬಹಳ ಚೆನ್ನಾಗಿದೆ. ನಿಮ್ಮ ಕಡೆ ಚೆಂಡುಹೂವಿನ ಬೆಳೆ ಇದೆ, ಅದರ ಹಳದಿ ಬಣ್ಣದ ಲೂಟೀನ್ ನಿಮ್ಮ ಗುರಿಯಾಗಿದ್ದರೂ ಹೆಕ್ಸೇನ್ ಸಾಕು, ಲೂಟೀನ್ ಎಸ್ಟರ್‌ಗಳು ಅದರಲ್ಲಿ ಸಲೀಸಾಗಿ ಬರುತ್ತವೆ.

ಪ್ರಶ್ನೆ: ಹೈಸ್ಕೂಲ್ ಮಕ್ಕಳಿಗೆ ಅಪಾಯವಿಲ್ಲದೆ ಇದನ್ನು ತೋರಿಸಬಹುದೇ?
(ವಿಜ್ಞಾನ ಶಿಕ್ಷಕರು, ಮಧುಗಿರಿ ತಾಲ್ಲೂಕು)

ಉತ್ತರ: ಖಂಡಿತ ತೋರಿಸಬಹುದು ಮೇಷ್ಟ್ರೇ. ಮೂರು ಗ್ಲಾಸ್ ಸಾಲು ಮಾಡಿ. ಒಂದರಲ್ಲಿ ನೀರು, ಒಂದರಲ್ಲಿ ಅಡುಗೆ ಎಣ್ಣೆ, ಒಂದರಲ್ಲಿ ಸರ್ಜಿಕಲ್ ಸ್ಪಿರಿಟ್. ಮೂರಕ್ಕೂ ತುರಿದ ಬೀಟ್‌ರೂಟ್ ಹಾಕಿಸಿ. ಇನ್ನೊಂದು ಸಾಲಿಗೆ ಬ್ಯಾಡಗಿ ಮೆಣಸಿನಕಾಯಿ ಪುಡಿ, ಮತ್ತೊಂದಕ್ಕೆ ಅರಿಶಿನ. ಬೀಟ್‌ರೂಟ್‌ನ ಕೆಂಪು ನೀರಿಗೆ ಇಳಿಯುತ್ತದೆ, ಎಣ್ಣೆಯಲ್ಲಿ ಇಳಿಯುವುದಿಲ್ಲ. ಮೆಣಸಿನಕಾಯಿಯದು ಇದಕ್ಕೆ ಉಲ್ಟಾ. ಅರಿಶಿನದ ಬಣ್ಣ ಸ್ಪಿರಿಟ್‌ನಲ್ಲಿ ಚೆನ್ನಾಗಿ ಬರುತ್ತದೆ, ನೀರಲ್ಲಿ ಪುಡಿ ತಳಕ್ಕೆ ಕೂರುತ್ತದೆ. ಏನಾಗುತ್ತದೆ ಅಂತ ನೀವು ಮೊದಲೇ ಹೇಳಬೇಡಿ, ಮಕ್ಕಳೇ ಊಹಿಸಿ ಬರೆದುಕೊಳ್ಳಲಿ.

ಮೇಲೆ ಹೇಳಿದ ಟ್ಸ್ವೆಟ್ ಸೀಮೆಸುಣ್ಣದ ಪುಡಿ ತುಂಬಿದ ಗಾಜಿನ ಕೊಳವೆಯಲ್ಲಿ ಎಲೆಯ ಬಣ್ಣಗಳನ್ನು ಬಿಡಿಬಿಡಿಯಾಗಿಸಿದರು. ನೀವು ಒಂದು ಸೀಮೆಸುಣ್ಣದ ತುಂಡಿನಲ್ಲೇ ಮಾಡಬಹುದು. ಪಾಲಕ್ ಸೊಪ್ಪನ್ನು ಸ್ವಲ್ಪ ಸ್ಪಿರಿಟ್‌ನಲ್ಲಿ ಅರೆದು, ಆ ಹಸಿರನ್ನು ತುಂಡಿನ ಬುಡದಿಂದ ಒಂದು ಬೆರಳು ಮೇಲೆ ಬಳಿದು, ಒಣಗಿಸಿ, ಬುಡ ಮಾತ್ರ ಮುಳುಗುವಂತೆ ಸ್ಪಿರಿಟ್‌ನಲ್ಲಿ ನಿಲ್ಲಿಸಿ. ಸಾಮಾನ್ಯವಾಗಿ ಹಳದಿ ಮುಂದೆ ಹೋಗುತ್ತದೆ, ಹಸಿರು ಹಿಂದೆ ಉಳಿಯುತ್ತದೆ. ಸ್ಪಿರಿಟ್ ಬಾಟಲಿ ನಿಮ್ಮ ಕೈಯಲ್ಲೇ ಇರಲಿ. ಕಿಟಕಿ ತೆಗೆದಿರಲಿ. ಬಿಸಿಯೂಟದ ಒಲೆ ಹತ್ತಿರದಲ್ಲಿದ್ದರೆ ಬೇರೆ ಕೊಠಡಿ ನೋಡಿಕೊಳ್ಳಿ.